ಬಾಡಿಗೆಯ ಸೇವೆಯೂ ಮನಃಪೂರ್ವಕವಾದ ಸೇವೆಯೂ

ಭಯದಿಂದ ಮಾಡಿದ ಒಳ್ಳೇ ಕೆಲಸಕ್ಕೆ ಪ್ರೀತಿಯೆಂಬ ಹೆಸರು ಸಲ್ಲುವದೋ? ಈ ಪ್ರಶ್ನೆಯನ್ನು ಆಲೋಚಿಸುವದಕ್ಕೆ ಮೂರು ಅಂಗುಲದ ಒಂದು ಮೀನು ನಮಗೆ ಸಹಾಯಮಾಡುವದು.

ಆಫ್ರಿಕಾ ಖಂಡದಲ್ಲಿ ಬುರುಂಡಿ, ಕಾಂಗೋ, ಟಾಂಜಾನಿಯಾ, ಜಾಂಬಿಯಾ ಎಂಬ ನಾಲ್ಕು ದೇಶಗಳ ನಡುವೆ ಟಾಂಗಾನಿಕಾ ಎಂಬ ಸಿಹಿನೀರಿನ ಮಹಾ ಸರೋವರವುಂಟು. ಅದರ ಆಳವು ಕೆಲವು ಕಡೆಗಳಲ್ಲಿ 1,400 ಮೀಟರುಗಳಿಗೂ ಹೆಚ್ಚು. ಅದರ ದಡದ ಕಲ್ಲುಗಳ ಸಂದಿನಲ್ಲಿ ಸಿಕ್ಲಿಡ್ ಕುಲಕ್ಕೆ ಸೇರಿದ ನಿಯೊಲ್ಯಾಂಪ್ರೊಲೋಗಸ್ ಪುಲ್ಕರ್ ಎಂಬ ಮೀನು ವಾಸಿಸುವದು. ಒಂದೊಂದು ಗುಂಪಿನಲ್ಲಿ ಯಜಮಾನರಾದ ಗಂಡುಹೆಣ್ಣುಗಳ ಜೋಡಿಯೊಂದು. ಅವುಗಳೊಡನೆ, ಬಹುಮಟ್ಟಿಗೆ ಸ್ವಂತ ಸಂತಾನವಿಲ್ಲದೆ ದುಡಿಯುವ ಹಲವು ಸಹಾಯಕರು. ಇವು ಕಲ್ಲಿನ ಕೆಳಗೆ ತುಂಬಿದ ಮರಳನ್ನು ಬಾಯಿಂದ ಹೊತ್ತು ಹೊರಗೆ ಹಾಕುವವು. ಯಜಮಾನರ ಮೊಟ್ಟೆಗಳನ್ನು ಶುಚಿಮಾಡುವವು. ಈಜುರೆಕ್ಕೆ ಬೀಸಿ ಅವುಗಳಿಗೆ ಹೊಸ ನೀರನ್ನು ಹಾಯಿಸುವವು. ಮೇಲೆ ಬೀಳುವ ಶತ್ರುಗಳನ್ನು ಎದುರಿಸುವವು.

ದೂರದಿಂದ ನೋಡುವವರು ಇದನ್ನು ನಿಸ್ವಾರ್ಥ ಪ್ರೀತಿಯೆಂದು ಕೊಂಡಾಡಬಹುದು. ಆದರೆ ಸ್ವಿಟ್ಜರ್ಲೆಂಡಿನ ಬೆರ್ನ್ ವಿಶ್ವವಿದ್ಯಾಲಯದ ಮೈಕೆಲ್ ತಾಬೊರ್ಸ್ಕಿ ಮೊದಲಾದ ಪಂಡಿತರು ಹತ್ತಿರದಿಂದ ನೋಡಿ ಬೇರೊಂದನ್ನು ಕಂಡುಕೊಂಡರು. ಗುಂಪಿನ ಹೊರಗೆ ದೊಡ್ಡ ಮೀನುಗಳ ಬಾಯಿ ತೆರೆದಿದೆ. ಆಶ್ರಯವಿಲ್ಲದ ಚಿಕ್ಕ ಮೀನಿಗೆ ಅಲ್ಲಿ ಬದುಕುವದು ಕಷ್ಟ. ಆದದರಿಂದ ಸಹಾಯವು ಆಶ್ರಯಕ್ಕೆ ತೆರುವ ಬಾಡಿಗೆಯಾಗಿದೆ ಎಂದು ಅವರು ತಿಳಿದರು. 2005ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಕೆಲಸಮಾಡದಂತೆ ತಡೆಯಲ್ಪಟ್ಟ ಸಹಾಯಕರು, ಯಾರೂ ದಂಡಿಸುವದಕ್ಕೆ ಮುಂಚೆಯೇ, ಯಜಮಾನರನ್ನು ಸಮಾಧಾನಪಡಿಸುವದು ಕಂಡುಬಂತು. 2013ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ರಕ್ತಸಂಬಂಧವಿಲ್ಲದ ಸಹಾಯಕರು ಸಂಬಂಧಿಕರಿಗಿಂತ ಹೆಚ್ಚಾಗಿ ಮೊಟ್ಟೆಗಳನ್ನು ಆರೈಕೆಮಾಡಿದವು.

ವಾಚಕರೇ, ಈ ಕಡೇ ಮಾತನ್ನು ಓದುವಾಗ ನಮಗೆ ನಮ್ಮ ಮನೆಗಳೇ ನೆನಪಿಗೆ ಬರುವದಿಲ್ಲವೋ? ಗಂಡನನ್ನು ಕಳಕೊಂಡು ಬಂದ ತಂಗಿಯೂ ತಂದೆತಾಯಿಗಳಿಲ್ಲದ ದೂರದ ನೆಂಟರ ಹುಡುಗನೂ ನಮ್ಮ ಸೂರಿನ ಕೆಳಗೆ ಇದ್ದಾರೆ. ಸ್ವಂತ ಮಗನು ಹೊತ್ತೇರುವ ತನಕ ಮಲಗಬಹುದು. ಆ ಹುಡುಗನು ಮಲಗಲಾರನು. ಎಷ್ಟು ದೂರದವನೋ ಅಷ್ಟು ಹೆಚ್ಚು ದುಡಿಯಬೇಕು. ಅವನ ದುಡಿತವನ್ನು ನೋಡಿ, ನಮ್ಮ ಮೇಲೆ ಅವನಿಗೆ ಎಷ್ಟೊಂದು ಪ್ರೀತಿ ಎಂದು ನಾವು ಹಿಗ್ಗುತ್ತೇವೆ. ಅದು ಪ್ರೀತಿಯೋ ಹಂಗಿನ ಕೂಳಿನ ಬೆಲೆಯೋ ಎಂದು ವಿಚಾರಿಸುವದಿಲ್ಲ.

ಭಯದಿಂದ ಮಾಡಿದ ಕೆಲಸವು ನಿಷ್ಪ್ರಯೋಜನವೆಂದು ನಾವು ಹೇಳುವದಿಲ್ಲ. ಮೊಟ್ಟೆಗಳು ಉಳಿದವು, ಅಂಗಳವು ಗುಡಿಸಲ್ಪಟ್ಟಿತು. ಹಾಗೆ ದುಡಿಯುವವರು ಕಪಟಿಗಳೂ ಅಲ್ಲ. ಬೇರೆ ದಾರಿ ಇಲ್ಲದವರ ಮನಸ್ಸನ್ನು ಅಳೆಯುವದು ನ್ಯಾಯವಲ್ಲ. ಆದರೆ ಹೋಗೆಂಬ ಮಾತಿನ ಭಯ ಇರುವ ವರೆಗೆ, ಅವರು ಕೊಡುವದು ಬಾಡಿಗೆಯೋ ಕಾಣಿಕೆಯೋ ಎಂಬದು ನಮಗೆ ಮಾತ್ರವಲ್ಲ, ಅವರಿಗೂ ತಿಳಿಯದು. ಆ ಭಯವನ್ನು ತೆಗೆಯುವ ಅಧಿಕಾರವು ದುಡಿಯುವವರ ಕೈಯಲ್ಲಿ ಇಲ್ಲ, ಮನೆಯುಳ್ಳವರ ಕೈಯಲ್ಲಿ ಇದೆ.

ಭಯವಿಲ್ಲದಿದ್ದರೆ ಸೋಮಾರಿತನ ಬೆಳೆಯುವದಲ್ಲವೇ ಎಂದು ಕೆಲವರು ಕೇಳುವರು. ಸೋಮಾರಿಯಾದ ಮಗನನ್ನು ನಾವು ಗದರಿಸುತ್ತೇವೆ. ಆದರೂ ಈ ಮನೆ ನಿನ್ನದಲ್ಲವೆಂದು ಹೇಳುವದಿಲ್ಲ. ಗದರಿಕೆ ಬೇರೆ, ಬಾಗಲು ತೋರಿಸುವದು ಬೇರೆ. ಮೀನಿಗೆ ಈ ಭೇದವನ್ನು ಕಲಿಸಲಾರೆವು, ನಾವು ಕಲಿಯಬಹುದು.

ಹಾಗಾದರೆ ನಮ್ಮ ಮನೆಯನ್ನು ಪರೀಕ್ಷಿಸುವದು ಹೇಗೆ? ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಉಂಡ ಮೇಲೆ ಉಣ್ಣುವವರು ಯಾರೆಂದು ನೋಡೋಣ. ಅವರು ಒಂದು ದಿನ ಜ್ವರದಿಂದ ಮಲಗಿದರೆ, ಯಾರೂ ಏನೂ ಅನ್ನುವದಕ್ಕೆ ಮುಂಚೆಯೇ ಕ್ಷಮೆ ಕೇಳುವರೋ ಎಂದು ಲಕ್ಷ್ಯವಿಡೋಣ. ಕೇಳಿದರೆ, ಅವರು ಇಂದಿಗೂ ಬಾಡಿಗೆ ಕೊಟ್ಟು ಇರುವವರೇ ಎಂದು ತಿಳಿದು, ಆ ದಿನವೇ ಅವರ ಹತ್ತಿರ ಕೂತು, ಈ ಮನೆ ನಿಮ್ಮದೆಂದು ಹೇಳುವದು ನಮ್ಮ ಕರ್ತವ್ಯ.