ದಾಸೋಹವೂ ವಿವೇಕವೂ

ಹಸಿದವನಿಗೆ ಅನ್ನವನ್ನೀಯುವುದು ಪುಣ್ಯಕಾರ್ಯವೆಂಬುದನ್ನು ಒಪ್ಪದವರಿಲ್ಲ. ಆದರೆ ಆ ಅನ್ನವು ಹೊತ್ತು ಮೀರುವ ಮುನ್ನ, ಅವನಿರುವ ಎಡೆಗೇ ಮುಟ್ಟಬೇಕು. ತಡವಾಗಿ ಬಂದ ಅನ್ನದಿಂದ ಕೊಟ್ಟವನಿಗೆ ತೃಪ್ತಿಯಾದೀತು, ಉಣ್ಣಬೇಕಾದವನಿಗೆ ಉಪಕಾರವಾಗದು. ಆದುದರಿಂದಲೇ ಶರಣಧರ್ಮದಲ್ಲಿ ಜ್ಞಾನಕ್ರಿಯೆಗಳಿಗೆ ಸಮರಸವನ್ನು ವಿಧಿಸಿದೆ. ಅಂಧಪಂಗು ನ್ಯಾಯದಂತೆ, ನಡೆಯಬಲ್ಲ ಕುರುಡನೂ ನೋಡಬಲ್ಲ ಹೆಳವನೂ ಕೂಡಿದಲ್ಲದೆ ದಾರಿ ಸಾಗದು.

ಈ ಮಾತಿಗೆ ನೇಪಾಳದ ನಿದರ್ಶನವೊಂದುಂಟು. 2015ನೆಯ ಇಸವಿ ಏಪ್ರಿಲ್ 25ರಂದು ಅಲ್ಲಿ 7.8 ಪ್ರಮಾಣದ ಭೂಕಂಪವಾಗಿ ಸುಮಾರು 9,000 ಜನರು ಅಸುನೀಗಿದರು. ಇಂತಹ ವಿಪತ್ತು ಬರಬಹುದೆಂದು ಮೊದಲೇ ಊಹಿಸಿ, ವಿಶ್ವ ಆಹಾರ ಕಾರ್ಯಕ್ರಮವು ಆ ದೇಶದ ಸರಕಾರದೊಡನೆ ಕೂಡಿ, ಕಾಠ್ಮಂಡುವಿನ ವಿಮಾನನಿಲ್ದಾಣದಲ್ಲಿ ಪರಿಹಾರಸಾಮಗ್ರಿಗಳ ಉಗ್ರಾಣನೆಲೆಯನ್ನು ಹಿಂದಿನ ತಿಂಗಳಷ್ಟೇ ಸಿದ್ಧಪಡಿಸಿತ್ತು. ಈ ಮುಂದಾಲೋಚನೆ ವ್ಯರ್ಥವಾಗಲಿಲ್ಲ. ಬಂದ ಪದಾರ್ಥಗಳನ್ನು ಇಳಿಸಿ, ವಿಂಗಡಿಸಿ, ಕಳುಹಲು ಅದೇ ಆಧಾರವಾಯಿತು.

ಆದರೂ ಯೋಜನೆಯೊಂದರಿಂದಲೇ ಕಾರ್ಯ ಮುಗಿಯಲಿಲ್ಲ. ಆ ನಿಲ್ದಾಣಕ್ಕೆ ಇದ್ದುದು ಒಂದೇ ಓಡುಹಾದಿ. ಅದು ಹಾನಿಗೊಂಡು, ಮೇ ತಿಂಗಳ ಆರಂಭದಲ್ಲಿ ಭಾರೀ ವಿಮಾನಗಳನ್ನು ತಡೆಯಬೇಕಾಯಿತು. ಗೋರ್ಖಾ ಮೊದಲಾದ ಜಿಲ್ಲೆಗಳಲ್ಲಿ ಗುಡ್ಡ ಕುಸಿದು ದಾರಿಗಳು ಮುಚ್ಚಿದವು. ಮೇ 12ರಂದು ಭೂಮಿ ಮತ್ತೊಮ್ಮೆ ಬಲವಾಗಿ ನಡುಗಿತು. ಮಳೆಗಾಲವೂ ಸಮೀಪಿಸಿತು. ಆಗ ಅಲ್ಲಿಯ ಕಾರ್ಯಕರ್ತರು ಲಾರಿಯ ದಾರಿಯನ್ನೇ ಕಾಯುತ್ತ ಕೂಡಲಿಲ್ಲ. ಪ್ರವಾಸಿಗರಿಲ್ಲದೆ ಕೆಲಸ ಕಳೆದುಕೊಂಡಿದ್ದ ಬೆಟ್ಟದ ಹೊರೆಯಾಳುಗಳನ್ನು ಕೂಲಿ ಕೊಟ್ಟು ಕರೆದರು, ಹೇಸರಗತ್ತೆಗಳನ್ನು ಹೂಡಿದರು, ಕಾಲುದಾರಿಗಳನ್ನು ದುರಸ್ತಿಮಾಡಿಸಿದರು. ಹಸಿದವರಿಗೆ ಅನ್ನವೂ ಹೊತ್ತವರಿಗೆ ಕಾಯಕವೂ ಒಂದೇ ದಾರಿಯಿಂದ ಲಭಿಸಿದವು.

ಇಲ್ಲಿ ವಿಚಾರಮಾಡತಕ್ಕುದೊಂದಿದೆ. ದಾರಿಯ ಬದಿಯ ಊರುಗಳಿಗೇ ಎಲ್ಲವನ್ನೂ ಹಂಚಿದರೆ ಚೀಲಗಳ ಲೆಕ್ಕ ಬೇಗನೆ ಬೆಳೆಯುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಬೆಟ್ಟದ ನೆತ್ತಿಯ ಹತ್ತು ಮನೆಗಳಿಗೆ ಹೊರಟರೆ ಲೆಕ್ಕ ಕುಗ್ಗುತ್ತದೆ. ಆದರೆ ಆ ಹತ್ತು ಮನೆಗಳ ಪಾಲಿಗೆ ಬೇರೆ ಗತಿಯಿಲ್ಲ. ಗಣಕಯಂತ್ರವು ಹತ್ತಿರದ ದಾರಿಯನ್ನೂ ಮಿತವಾದ ವೆಚ್ಚವನ್ನೂ ಕ್ಷಣದಲ್ಲಿ ತೋರಿಸಬಲ್ಲದು. ನಿನ್ನೆಯ ರಾತ್ರಿ ಕೊಚ್ಚಿಹೋದ ಸೇತುವೆಯ ಸುದ್ದಿಯನ್ನು ಯಾರಾದರೂ ತಿಳಿಸಿದಲ್ಲದೆ ಅದು ಅರಿಯದು. ಯಾರ ಹಸಿವು ಮೊದಲು ಎಂಬ ಹೊಣೆಯನ್ನಂತೂ ಅದು ಹೊರಲಾರದು. ಆ ಹೊಣೆ ಮನುಷ್ಯನದೇ.

ಹಾಗಾದರೆ ಪ್ರತಿಯೊಬ್ಬನೂ ತನ್ನ ಮನಬಂದಂತೆ ಯೋಜನೆಯನ್ನು ಮುರಿಯಬಹುದೇ? ಅದು ವಿವೇಕವಲ್ಲ, ಸ್ವೇಚ್ಛಾಚಾರ. ತನ್ನವರ ಊರಿಗೆ ಮೊದಲು ಬಂಡಿ ತಿರುಗಿಸುವವನೂ ಸಮಯಾನುಸಾರ ನಡೆದೆನೆಂದೇ ಹೇಳುವನು. ಆದಕಾರಣ ಬದಲಾವಣೆಗೂ ಒಂದು ಆಚಾರವಿರಬೇಕು. ನೆಲವನ್ನು ಕಂಡವನ ಮಾತನ್ನು ಮೊದಲು ಕೇಳಬೇಕು. ಬದಲಿಸಿದುದಕ್ಕೆ ಕಾರಣವನ್ನು ಬರೆದಿಡಬೇಕು. ಅದರಿಂದ ಯಾರ ಪಾಲು ತಡವಾಯಿತೋ ಅವರನ್ನು ಮರೆಯದೆ ಮರುದಿನವೇ ನೆನೆಯಬೇಕು.

ಕೊಡುವವರಿಗೂ ಈ ಆಚಾರ ಸಲ್ಲುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ಬಂದ ಹಳೆಯ ಬಟ್ಟೆಗಳು ಉಡುವವರಿಲ್ಲದೆ ರಸ್ತೆಯ ಬದಿಯಲ್ಲಿ ರಾಶಿಬಿದ್ದವು. ಕೊಟ್ಟವರ ಮನಸ್ಸು ಕೆಟ್ಟದಾಗಿರಲಿಲ್ಲ. ಏನು ಬೇಕೆಂದು ಕೇಳುವ ತಾಳ್ಮೆ ಇರಲಿಲ್ಲ. ತನ್ನಲ್ಲಿ ಮಿಕ್ಕುದನ್ನು ಕೊಡುವುದು ದಾನವೆನಿಸೀತು. ಎದುರಿನವನಿಗೆ ಬೇಕಾದುದನ್ನು ತಿಳಿದು, ಕೊಟ್ಟೆನೆಂಬ ಅಹಂಕಾರವಳಿದು ಸಲ್ಲಿಸುವುದೇ ದಾಸೋಹ.

ಉಗ್ರಾಣವನ್ನು ಮುಂಚಿತವಾಗಿ ತುಂಬಿಡುವುದು ಕ್ರಿಯೆ. ದಾರಿ ಮುಚ್ಚಿದಾಗ ಬೇರೆ ದಾರಿಯನ್ನು ಕಾಣುವುದು ಅರಿವು. ಇವೆರಡನ್ನೂ ನಡೆಸುವ ದಯೆಯು ಬತ್ತದಿದ್ದರೆ ಬೆಟ್ಟದ ನೆತ್ತಿಯ ಮನೆಯಲ್ಲಿಯೂ ಒಲೆ ಹೊತ್ತುವುದು.