ಜೀಪೊಂದರ ಜೀರ್ಣೋದ್ಧಾರ

ಹಳೆಯದೊಂದು ಜೀಪಿನ ತಂತಿಗಳನ್ನೆಲ್ಲ ಕಿತ್ತು ಹೊಸವನ್ನು ಎಳೆದು, ವರ್ಷಗಟ್ಟಲೆ ನಿಂತುಹೋಗಿದ್ದ ಎಂಜಿನ್ನನ್ನು ಮತ್ತೆ ಚಾಲೂ ಮಾಡಿದಾಗ, ಉಳಿದು ಬಂದುದು ಆ ಮೊದಲಿನ ಜೀಪೇ, ಅಥವಾ ಅದರ ಹೆಸರನ್ನು ಹೊತ್ತ ಬೇರೊಂದು ವಸ್ತುವೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಗ್ಯಾರೇಜಿನ ಹರಟೆಯಂತೆ ತೋರಿದರೂ, ನಮ್ಮ ದಾರ್ಶನಿಕರು ಶತಮಾನಗಳ ಕಾಲ ಶ್ರದ್ಧೆಯಿಂದ ವಿಚಾರಿಸಿದ ಪ್ರಶ್ನೆಯೇ ಅದಾಗಿದೆ. ಶಿರಹಟ್ಟಿಯ ಕಡೆಯ ರೈತಕುಟುಂಬವೊಂದು ಬೆಟಗೇರಿಯ ಮಿಸ್ತ್ರಿಯೊಬ್ಬರಿಗೆ ಒಪ್ಪಿಸಿದ ಇಂತಹ ಜೀಪಿನ ದುರಸ್ತಿಯನ್ನು ಹತ್ತಿರದಿಂದ ಕಂಡಮೇಲೆ, ಆ ಪ್ರಶ್ನೆಯನ್ನು ಲಘುವಾಗಿ ಎಣಿಸುವುದು ನನ್ನಿಂದಾಗಿಲ್ಲ.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪು ಯುದ್ಧಾನಂತರ ಬೇಸಾಯಗಾರನ ವಾಹನವಾಯಿತು. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆ ಆ ದಶಕ ಮುಗಿಯುವುದರೊಳಗಾಗಿ ಮುಂಬಯಿಯಲ್ಲಿ ಅದರ ಬಿಡಿಭಾಗಗಳನ್ನು ಜೋಡಿಸತೊಡಗಿತು. ಮಳೆ ಬಿದ್ದ ಎರೆಹೊಲದ ಜಿಗುಟು ಮಣ್ಣನ್ನೂ ಕಪ್ಪತಗುಡ್ಡದ ಕಲ್ಲುದಾರಿಯನ್ನೂ ಬಲ್ಲವರಿಗೆ, ನಾಲ್ಕು ಗಾಲಿಗಳಿಗೂ ಬಲವನ್ನು ಹಂಚಬಲ್ಲ ವಾಹನ ಈ ನಾಡಿಗೆ ಎಷ್ಟು ಉಪಕಾರಿಯಾಗಿತ್ತೆಂಬುದನ್ನು ವಿವರಿಸಬೇಕಾದುದಿಲ್ಲ.

ಬೇವಿನ ಮರದ ಕೆಳಗೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದ್ದ ಈ ಜೀಪಿನಲ್ಲಿ ತಂತಿಗಳ ಮೇಲಿನ ನೂಲಿನ ಹೊದಿಕೆ ಕೊಳೆತು ಉದುರಿತ್ತು. ಅಳಿದುಳಿದುದನ್ನು ಇಲಿಗಳು ಕಡಿದಿದ್ದವು. ಒಂದೊಂದು ಕಾಲದಲ್ಲಿ ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಗಂಟುಹಾಕಿ ಕೆಲಸ ಸಾಗಿಸಿದವರ ಆತುರವೆಲ್ಲ ಡ್ಯಾಶ್‌ಬೋರ್ಡಿನ ಹಿಂದೆ ತೊಡಕಾಗಿ ಕುಳಿತಿತ್ತು. ಮಿಸ್ತ್ರಿಯವರು ಒಂದನ್ನೂ ಥಟ್ಟನೆ ಕತ್ತರಿಸಲಿಲ್ಲ. ಡೈನಮೊದಿಂದ ಕಟೌಟಿಗೆ, ಅಲ್ಲಿಂದ ಆಂಪಿಯರ್ ಮೀಟರಿಗೆ, ಇಗ್ನಿಷನ್ ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಪ್ರತಿಯೊಂದು ತಂತಿಯ ತುದಿಗೂ ಚೀಟಿ ಕಟ್ಟಿ, ಯಾವುದು ಯಾವುದನ್ನು ಸೇರಿತ್ತೆಂಬುದನ್ನು ನಿಶ್ಚಯಿಸಿಕೊಂಡ ಮೇಲೆಯೇ ಹಳೆಯದನ್ನು ಬಿಡಿಸಿದರು. ಹೊಸ ತಂತಿಯನ್ನು ಎಂದು ಎಳೆಯುವಿರೆಂದು ಕೇಳಿದಾಗ ಅವರು ಹೇಳಿದ್ದಿಷ್ಟು: “ಮೊದಲ ಅರ್ಥ್ ಸ್ವಚ್ಛ ಆಗಬೇಕ್ರಿ ಸರ, ವೈರ್ ಆಮ್ಯಾಲೆ.”

ಈ ಮಾತಿನ ಅರ್ಥವನ್ನು ತುಸು ಬಿಡಿಸಿ ಹೇಳಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ದೀಪವನ್ನೋ ಹಾರ್ನನ್ನೋ ಮುಟ್ಟಿದರೆ ಸಾಲದು, ಅದು ಮರಳಿ ಬ್ಯಾಟರಿಯನ್ನು ಸೇರಬೇಕು. ಆ ಮರಳುದಾರಿಗೆ ಪ್ರತ್ಯೇಕ ತಂತಿಯಿಲ್ಲ, ಜೀಪಿನ ಉಕ್ಕಿನ ಚಾಸಿಯೇ ಆ ದಾರಿ, ಮಿಸ್ತ್ರಿಯವರು ಅರ್ಥ್ ಎಂದದ್ದು ಅದನ್ನೇ. ಹಳೆಯ ವಿಲ್ಲಿಸ್ ಜೀಪುಗಳದು 6 ವೋಲ್ಟಿನ ಏರ್ಪಾಡು. 12 ವೋಲ್ಟಿನಲ್ಲಿ ದೊರೆಯುವಷ್ಟೇ ಶಕ್ತಿಯನ್ನು ಅಲ್ಲಿ ಪಡೆಯಬೇಕಾದರೆ ಎರಡರಷ್ಟು ಪ್ರವಾಹ ಹರಿಯಬೇಕಾದುದರಿಂದ, ಕೂಡುವೆಡೆಯಲ್ಲಿ ಕಟ್ಟಿದ ತೆಳುವಾದ ತುಕ್ಕೂ ದೊಡ್ಡ ಅಡ್ಡಿಯಾಗುತ್ತದೆ. ದೀಪ ಮಂಕಾದರೆ, ಸೆಲ್ಫ್ ತಿರುಗದಿದ್ದರೆ, ದೋಷ ಕಣ್ಣಿಗೆ ಕಾಣುವ ತಂತಿಯಲ್ಲಿಯೇ ಇರಬೇಕೆಂದಿಲ್ಲ. ಎಲ್ಲವನ್ನೂ ಹೊತ್ತಿರುವ, ಆದರೆ ಯಾರೂ ಗಮನಿಸದ ಚೌಕಟ್ಟಿನಲ್ಲಿ ಅದು ಅಡಗಿರಬಹುದು. ಬ್ಯಾಟರಿಯ ಕೇಬಲ್ಲು ಚಾಸಿಯನ್ನು ಮುಟ್ಟುವ ಜಾಗವನ್ನು ಉಕ್ಕು ಹೊಳೆಯುವವರೆಗೆ ತಿಕ್ಕುತ್ತಿದ್ದ ಆ ಕೈಗಳಲ್ಲಿ ನಾನು ಕಂಡುದು ಕಸುಬಿನ ಜಾಣ್ಮೆಯೊಂದನ್ನೇ ಅಲ್ಲ.

ಇನ್ನು ಪ್ರಶ್ನೆಗೆ ಬರೋಣ. ರಥವೇರಿ ಬಂದ ಮಿಲಿಂದರಾಜನನ್ನು ಭಿಕ್ಷು ನಾಗಸೇನನು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳಿ, ಯಾವ ಅಂಗವೂ ರಥವಲ್ಲ, ಅಂಗಗಳನ್ನು ಆಶ್ರಯಿಸಿ ನಾವಿಟ್ಟುಕೊಂಡ ಹೆಸರೇ ರಥ ಎಂದು ತೋರಿಸಿಕೊಟ್ಟನು. ಶಂಖಜಿನಾಲಯದ ಲಕ್ಷ್ಮೇಶ್ವರವನ್ನೊಳಗೊಂಡ ಈ ಸೀಮೆಯಲ್ಲಿ ಬೇರೂರಿದ್ದ ಜೈನದರ್ಶನ ಬೇರೆಯೇ ಉತ್ತರವನ್ನು ಕೊಡುತ್ತದೆ: ಸತ್ತೆಂಬುದಕ್ಕೆ ಹುಟ್ಟು, ಅಳಿವು, ಸ್ಥಿರತೆ ಮೂರೂ ಉಂಟು, ಪರ್ಯಾಯಗಳು, ಎಂದರೆ ಅವಸ್ಥೆಗಳು, ಬದಲಾಗುತ್ತವೆ, ದ್ರವ್ಯ ನಿಲ್ಲುತ್ತದೆ. ಬಂಗಾರದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕೆಂದವನಿಗೆ ಶೋಕ, ಕಿರೀಟ ಬೇಕೆಂದವನಿಗೆ ಹರ್ಷ, ಬಂಗಾರವೊಂದೇ ಬೇಕೆಂದವನಿಗೆ ಎರಡೂ ಇಲ್ಲವೆಂದು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ದೃಷ್ಟಾಂತವಿತ್ತಿದ್ದಾರೆ. ಎರಡನ್ನೂ ಗೌರವಿಸುತ್ತಲೇ ಹೇಳುವೆ, ಜೀಪನ್ನು ಕುರಿತ ನನ್ನ ಪ್ರಶ್ನೆ ಎರಡರಿಂದಲೂ ಪೂರ್ಣವಾಗಿ ಬಗೆಹರಿಯುವುದಿಲ್ಲ. ಜೀಪು ಗುಜರಿಗೆ ಹೋದರೂ ಕಬ್ಬಿಣ ಕಬ್ಬಿಣವಾಗಿಯೇ ನಿಲ್ಲುವುದು, ಜೀಪಾಗಿ ನಿಲ್ಲದು. ಹೆಸರು ಅಂಗಗಳನ್ನು ಆಶ್ರಯಿಸಿದೆಯೆಂಬುದು ದಿಟವೇ. ಆದರೆ ಆ ಅಂಗಗಳನ್ನು ಚದುರಗೊಡದೆ ಕೂಡಿಸಿ ಹಿಡಿದ ಕೈಯನ್ನೂ ಆ ಆಶ್ರಯದಲ್ಲಿ ಎಣಿಸಬೇಡವೆ?

ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಓಲೆಗರಿ ಬೇರೆ, ಲಿಪಿಕಾರನ ಕೈ ಬೇರೆ, ಕವಿ ಬರೆದ ಮೊದಲ ಪ್ರತಿಯ ಒಂದು ಎಳೆಯೂ ಅಲ್ಲಿಲ್ಲ. ಆದರೂ ಓದಿದವರಿಗೆ ದೊರೆತುದು ಪೊನ್ನನ ಕಾವ್ಯವೇ. ಅದು ಉಳಿದುದು ಗರಿಯ ಗಟ್ಟಿತನದಿಂದಲ್ಲ, ಗರಿ ಅಳಿಯುವುದೆಂದು ತಿಳಿದವಳ ಶ್ರದ್ಧೆಯಿಂದ. ಜಡವಸ್ತುವಿನ ಸ್ಥಿರತೆ ಆ ವಸ್ತುವಿನ ಗುಣವಲ್ಲ, ಅದನ್ನು ನೋಡಿಕೊಳ್ಳುವವರು ತಲೆಮಾರಿನಿಂದ ತಲೆಮಾರಿಗೆ ಹೊತ್ತ ಹೊಣೆ ಎಂದು ನಾನು ನಂಬಿದ್ದೇನೆ.

ಇದು ಮೋಹವಲ್ಲವೆ, ಅಪರಿಗ್ರಹವನ್ನು ಬೋಧಿಸಿದ ನೆಲದಲ್ಲಿ ತುಕ್ಕು ಹಿಡಿದ ವಾಹನಕ್ಕೆ ಇಷ್ಟು ಅಂಟಿಕೊಳ್ಳುವುದು ಸರಿಯೆ ಎಂದು ಕೇಳುವವರಿರಬಹುದು. ಆಕ್ಷೇಪ ಗಂಭೀರವಾದುದು, ಮುಚ್ಚಿದ ಶೆಡ್ಡಿನಲ್ಲಿ ಹೊಳಪಿಗಾಗಿಯಷ್ಟೇ ಸಾಕಿದ ವಾಹನಗಳ ವಿಷಯದಲ್ಲಿ ಅದನ್ನು ಒಪ್ಪಲೂ ಬಹುದು. ಆದರೆ ಮೋಹವು ವಸ್ತು ಅಳಿಯುವುದನ್ನೇ ಒಪ್ಪುವುದಿಲ್ಲ. ಜೀರ್ಣೋದ್ಧಾರವಾದರೋ ಅಳಿವನ್ನು ಒಪ್ಪಿಕೊಂಡೇ ಕೆಲಸಕ್ಕೆ ತೊಡಗುತ್ತದೆ. ಚಾಲುಕ್ಯರ ಕಾಲದ ನಮ್ಮ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜೊತೆಯಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಕಟ್ಟಿದುದು ಒಡೆಯುವುದು, ಬಿರಿಯುವುದು ಎಂಬುದನ್ನು ಅರಿತು, ತಾವು ಎಂದೂ ಕಾಣದ ಶಿಲ್ಪಿಯ ಅನ್ನಕ್ಕೆ ಹೊಲವನ್ನು ಗೊತ್ತುಮಾಡಿದವರ ಭಕ್ತಿ ಪೂಜೆಯ ಭಕ್ತಿಗಿಂತ ಕಡಮೆಯದೆಂದು ನನಗೆ ತೋರುವುದಿಲ್ಲ.

ಕಾಯಿಲು, ಕಂಡೆನ್ಸರು, ಉಜ್ಜಿ ಸರಿಪಡಿಸಿದ ಪಾಯಿಂಟುಗಳು ತಮ್ಮ ತಮ್ಮ ಜಾಗವನ್ನು ಸೇರಿ, ಎಂಜಿನ್ನು ಕೆಮ್ಮಿ ಹೊಗೆಯುಗುಳಿ ಕೊನೆಗೊಮ್ಮೆ ಹದವಾಗಿ ಓಡತೊಡಗಿದ ಮೇಲೆ, ಮಿಸ್ತ್ರಿಯವರು ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆಂಬುದನ್ನು ರಟ್ಟಿನ ಮೇಲೆ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀಟಿನ ಕೆಳಗಿನ ಸಾಮಾನುಪೆಟ್ಟಿಗೆಯಲ್ಲಿಟ್ಟರು. ಯಾರೂ ಅದನ್ನು ಕೇಳಿರಲಿಲ್ಲ. ಈ ತಂತಿಯೂ ಒಂದು ದಿನ ಸೀಳುವುದು, ಆಗ ಬಾನೆಟ್ಟು ಎತ್ತುವವನು ತಾವಾಗಿರಲಿಕ್ಕಿಲ್ಲವೆಂದು ಮನೆಯ ಹುಡುಗನಿಗೆ ತಿಳಿಸಿ, ಮಳೆಗಾಲ ಮುಗಿದೊಡನೆ ಅರ್ಥಿನ ಬೋಲ್ಟನ್ನು ಬಿಚ್ಚಿ ತಿಕ್ಕುವ ಬಗೆಯನ್ನು ಅವನ ಕೈಯಿಂದಲೇ ಮಾಡಿಸಿದರು.