ಗಾಳದ ತುದಿಯಲ್ಲೊಬ್ಬ ಸಾಕ್ಷಿ

ಹಾಲಿಗೆ ನೀರು ಬೆರೆಸಲು ಒಪ್ಪದ ಹುಡುಗಿಯ ಕಥೆ ಮದ್ರಸಾ ಮೆಟ್ಟಿಲು ಹತ್ತಿದ ಮಕ್ಕಳಿಗೆಲ್ಲ ಗೊತ್ತು. ಖಲೀಫಾ ಉಮರ್(ರ)ರು ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯೊಳಗಿಂದ ತಾಯಿ ಮಗಳ ಮಾತು ಕೇಳಿಸುತ್ತದೆ. ನೀರು ಬೆರೆಸೆಂದು ತಾಯಿ ಹೇಳುತ್ತಾಳೆ, ಖಲೀಫರು ಅದನ್ನು ನಿಷೇಧಿಸಿದ್ದಾರಲ್ಲ ಎನ್ನುತ್ತಾಳೆ ಮಗಳು. ಖಲೀಫರು ಇಲ್ಲಿ ಬಂದು ನೋಡುತ್ತಾರೆಯೇ ಎಂದು ತಾಯಿ ಗದರಿದಾಗ, ಅವರು ನೋಡದಿದ್ದರೂ ಅವರನ್ನು ಸೃಷ್ಟಿಸಿದವನು ನೋಡುತ್ತಾನೆ ಎಂಬರ್ಥದ ಉತ್ತರ ಬರುತ್ತದೆ. ಉಮರ್‌ರು ಆಕೆಯನ್ನೇ ಸೊಸೆಯಾಗಿ ತಂದುಕೊಂಡರೆಂದೂ, ನ್ಯಾಯಕ್ಕೆ ಹೆಸರಾದ ಉಮರ್ ಬಿನ್ ಅಬ್ದುಲ್ ಅಝೀಝ್ ಆಕೆಯ ಸಂತತಿಯಲ್ಲೇ ಹುಟ್ಟಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ.

ಈ ಕಥೆ ಹೇಳುವಾಗ ನಾವು ಮಗಳ ಉತ್ತರಕ್ಕೆ ತಲೆದೂಗಿ ಅಲ್ಲಿಗೇ ನಿಲ್ಲಿಸುತ್ತೇವೆ. ಅಷ್ಟು ಹೊತ್ತಿನಲ್ಲಿ ಖಲೀಫರು ಬೀದಿಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳುವುದಿಲ್ಲ. ಎಲ್ಲರ ಎದೆಯಲ್ಲೂ ದೇವಭಯವಿದೆಯೆಂದು ನಂಬಿ ಅವರು ಮಲಗಿಬಿಡಬಹುದಿತ್ತು. ಮಲಗಲಿಲ್ಲ. ದೇವನು ನೋಡುತ್ತಿದ್ದಾನೆಂಬ ನಂಬಿಕೆ ಮತ್ತು ಮನುಷ್ಯನೊಬ್ಬ ನೋಡಬೇಕೆಂಬ ಏರ್ಪಾಡು, ಇವೆರಡೂ ಒಂದೇ ಕಥೆಯೊಳಗೆ ಜಗಳವಿಲ್ಲದೆ ಕುಳಿತಿವೆ.

ಮಂಡ್ಯ ಜಿಲ್ಲೆಯವರಿಗೆ ಇದು ಹಳೆಯ ಕಾಲದ ಮಾತಲ್ಲ. ಮೇಲುಕೋಟೆ, ಪಾಂಡವಪುರ, ನಾಗಮಂಗಲದ ಹಳ್ಳಿಗಳಲ್ಲಿ ಬೆಳಿಗ್ಗೆ ಡೇರಿ ಮುಂದೆ ಕ್ಯಾನು ಹಿಡಿದು ನಿಲ್ಲುವವರ ಹಾಲಿಗೆ ಲ್ಯಾಕ್ಟೋಮೀಟರ್ ತಪ್ಪದು. ಡಿಗ್ರಿ ಕಡಿಮೆ ಬಂದರೆ ಊರವರ ಎದುರೇ ಮುಖಭಂಗ. ಆದರೆ 2021ರಲ್ಲಿ ಮಂಡ್ಯ ಹಾಲು ಒಕ್ಕೂಟಕ್ಕೆ ಹಾಲು ಸಾಗಿಸುವ ಟ್ಯಾಂಕರುಗಳಲ್ಲೇ ನೀರು ಸೇರುತ್ತಿದ್ದ ಹಗರಣ ಹೊರಬಿದ್ದು ತನಿಖೆಗೆ ಹೋಯಿತು. ಎರಡು ಲೀಟರಿನ ಮೇಲೆ ಕಣ್ಣಿಟ್ಟಿದ್ದ ವ್ಯವಸ್ಥೆಗೆ ಸಾವಿರಾರು ಲೀಟರು ಕಾಣಿಸಿರಲಿಲ್ಲ. ನಿಗಾ ಬೇಕೇ ಬೇಡವೇ ಎಂಬ ಪ್ರಶ್ನೆಯ ಜೊತೆಗೆ ಯಾರ ಮೇಲೆ ನಿಗಾ ಎಂಬ ಪ್ರಶ್ನೆಯೂ ಹುಟ್ಟುವುದು ಇಲ್ಲೇ.

ಇಷ್ಟೆಲ್ಲ ಪೀಠಿಕೆ ಸಮುದ್ರದ ಒಂದು ವಿಷಯಕ್ಕಾಗಿ. ಮೇಲುಕೋಟೆಗೂ ಸಮುದ್ರಕ್ಕೂ ಎತ್ತಣ ಸಂಬಂಧ ಎನ್ನಬೇಡಿ. ಮಂಗಳೂರು-ಬೆಂಗಳೂರು ಹೆದ್ದಾರಿ ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸ್ ಹಾದೇ ಹೋಗುತ್ತದೆ; ಘಟ್ಟ ಹತ್ತಿ ಬಂದ ಬಂಗುಡೆ, ಬೂತಾಯಿ ಬಯಲುಸೀಮೆಯ ಒಲೆಗೂ ತಲುಪುತ್ತದೆ. ತಿನ್ನುವವರಾದ ಮೇಲೆ ಕೇಳುವ ಹಕ್ಕೂ ಹೊಣೆಯೂ ನಮಗಿವೆ. ತೊಣ್ಣೂರು ಕೆರೆಯಲ್ಲಿ ಯಾರಾದರೂ ಬಲೆ ಬೀಸಿದರೆ ಏರಿಯ ಮೇಲಿದ್ದವರಿಗೆ ಕಾಣುತ್ತದೆ. ಮಹಾಸಾಗರಕ್ಕೆ ಏರಿಯೂ ಇಲ್ಲ, ಏರಿಯ ಮೇಲೆ ನಿಂತವರೂ ಇಲ್ಲ.

ಟ್ಯೂನಾ ಹಿಡಿಯುವ ದೊಡ್ಡ ಹಡಗುಗಳು ಲಾಂಗ್‌ಲೈನ್ ಎಂಬ ಗಾಳದ ಸಾಲನ್ನು ಬಿಡುತ್ತವೆ. ಅದರ ಮುಖ್ಯ ಹಗ್ಗ ಮೇಲುಕೋಟೆಯಿಂದ ಮೈಸೂರಿಗಿರುವ ದೂರವನ್ನೂ ಮೀರಬಹುದು. ಅದಕ್ಕೆ ತೂಗುವ ಗಾಳಗಳು ಎರಡು ಮೂರು ಸಾವಿರ. ಗಾಳಕ್ಕೆ ಟ್ಯೂನಾ ಯಾವುದು, ಬೇರೆ ಜೀವಿ ಯಾವುದು ಎಂಬ ಭೇದವಿಲ್ಲ. ಉಸಿರಿಗಾಗಿ ಮೇಲೆ ಬರಬೇಕಾದ ಕಡಲಾಮೆ ಸಿಕ್ಕಿ ನೀರಿನಲ್ಲೇ ಮುಳುಗುತ್ತದೆ. ಗಾಳ ಇಳಿಯುವಾಗ ಎರೆಗೆ ಎರಗಿದ ಅಲ್ಬಟ್ರಾಸ್ ಹಕ್ಕಿ ಹಗ್ಗದ ಜೊತೆ ಆಳಕ್ಕೆ ಹೋಗುತ್ತದೆ. ಶಾರ್ಕುಗಳ ಲೆಕ್ಕ ಬೇರೆ. ಬೇಡವಾದದ್ದನ್ನು ಮರಳಿ ನೀರಿಗೆ ಎಸೆದರೆ ದಡದಲ್ಲಿ ಅದರ ಸುಳಿವೇ ಇರುವುದಿಲ್ಲ. ಎಲ್ಲ ಬಗೆಯ ಮೀನುಗಾರಿಕೆ ಸೇರಿ ಜಗತ್ತಿನಲ್ಲಿ ಹೀಗೆ ಎಸೆಯಲ್ಪಡುವುದು ವರ್ಷಕ್ಕೆ ಸುಮಾರು 91 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಅಂದಾಜಿಸಿತು.

ಇದಕ್ಕೆ ಕಂಡುಕೊಂಡ ಉಪಾಯವೇ ಹಡಗಿನಲ್ಲೊಬ್ಬ ವೀಕ್ಷಕ. ಅವನು ಮೀನು ಹಿಡಿಯುವವನಲ್ಲ, ಪೊಲೀಸನೂ ಅಲ್ಲ. ಏನು ಬಂತು, ಎಷ್ಟುದ್ದ, ಜೀವವಿತ್ತೇ, ಬಿಟ್ಟರೇ ಕೊಂದರೇ ಎಂದು ಬರೆದುಕೊಳ್ಳುವುದಷ್ಟೇ ಅವನ ಕೆಲಸ. ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗವು 24 ಮೀಟರಿಗಿಂತ ದೊಡ್ಡ ಹಡಗುಗಳಲ್ಲಿ ಶೇಕಡಾ 5ರಷ್ಟು ಕಾರ್ಯಾಚರಣೆಗಳನ್ನಾದರೂ ಹೀಗೆ ನೋಡಬೇಕೆಂದು ನಿಯಮ ಮಾಡಿದೆ. ನೂರರಲ್ಲಿ ಐದು. ಉಳಿದ ತೊಂಬತ್ತೈದು ಸಲ ನೋಡುವವನು ಮೇಲಿರುವವನೊಬ್ಬನೇ. ಹವಾಯಿಯಲ್ಲಿ ಮೇಲ್ಮಟ್ಟದ ಲಾಂಗ್‌ಲೈನ್ ಮೀನುಗಾರಿಕೆಯನ್ನು ಆಮೆಗಳ ಸಾವಿನ ಕಾರಣಕ್ಕೆ ನಿಲ್ಲಿಸಿ, 2004ರಲ್ಲಿ ಮತ್ತೆ ತೆರೆದಾಗ ಪ್ರತಿ ಪಯಣಕ್ಕೂ ವೀಕ್ಷಕ ಕಡ್ಡಾಯವಾಯಿತು. ಹಾಗಾಗಿ ಇದು ಆಗದ ಕೆಲಸವೇನಲ್ಲ.

ಈಗ ನೈತಿಕ ಪ್ರಶ್ನೆಗೆ ಬರೋಣ. ಪ್ರಾಮಾಣಿಕನಾದ ತಾಂಡೇಲನೊಬ್ಬ ಕೇಳಬಹುದು: ನನ್ನ ಬೆನ್ನ ಹಿಂದೆ ಲೆಕ್ಕದವನನ್ನು ಕೂರಿಸುವುದು ನನ್ನನ್ನು ಕಳ್ಳನೆಂದಂತಲ್ಲವೇ? ಇದು ಹಾರಿಕೆಯ ಮಾತಲ್ಲ. ಅನ್ಯರ ಗುಟ್ಟು ಕೆದಕುವುದನ್ನು ಕುರ್‌ಆನ್ ನಿಷೇಧಿಸಿದೆ. ಅದೇ ಉಮರ್‌ರ ಇನ್ನೊಂದು ಪ್ರಸಂಗವಿದೆ. ಮನೆಯೊಂದರಲ್ಲಿ ಕುಡಿತದ ಸದ್ದು ಕೇಳಿ ಅವರು ಗೋಡೆ ಹತ್ತಿ ಒಳಗಿಳಿದಾಗ ಮನೆಯವನು, ನಾನು ಮಾಡಿದ್ದು ಒಂದು ತಪ್ಪು, ನೀವು ಮಾಡಿದ್ದು ಮೂರು ಎಂದು ವಾದಿಸಿದನಂತೆ. ಇಣುಕಿದಿರಿ, ಬಾಗಿಲಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಖಲೀಫರು ಒಪ್ಪಿ ಹಿಂದಿರುಗಿದರು. ಗಸ್ತು ತಿರುಗಿದವರೂ ಅವರೇ, ಹಿಂದಿರುಗಿದವರೂ ಅವರೇ.

ಎರಡೂ ಪ್ರಸಂಗಗಳನ್ನು ಪಕ್ಕಪಕ್ಕ ಇಟ್ಟರೆ ನಮಗೆ ಗೆರೆ ಕಾಣುತ್ತದೆ. ಮನೆಯೊಳಗಿನ ಪಾಪದ ಲೆಕ್ಕ ಪಾಪಿಗೂ ದೇವನಿಗೂ ನಡುವೆ. ನೀರು ಬೆರೆತ ಹಾಲು ಪೇಟೆಗೆ ಹೋಗುತ್ತದೆ, ಇನ್ನೊಬ್ಬರ ಮಗು ಅದನ್ನು ಕುಡಿಯುತ್ತದೆ. ಸಮುದ್ರವೂ ಯಾರ ಅಂಗಳವೂ ಅಲ್ಲ. ನೀರು, ಹುಲ್ಲು, ಬೆಂಕಿಗಳಲ್ಲಿ ಜನರೆಲ್ಲ ಪಾಲುದಾರರೆಂಬ ಪ್ರವಾದಿ(ಸ)ರ ಬೋಧನೆಯನ್ನು ಒಪ್ಪುವವರು, ಅಲ್ಲಿಂದ ಎತ್ತಿದ್ದಕ್ಕೆ ಲೆಕ್ಕ ಕೇಳುವುದನ್ನು ಅವಮಾನ ಎನ್ನಲಾಗದು. ಆದರೂ ತಾಂಡೇಲನ ಮಾತಿನಲ್ಲಿ ಉಳಿಯುವ ಸತ್ಯವೊಂದಿದೆ. ತಿಂಗಳುಗಟ್ಟಲೆ ಕಡಲಲ್ಲಿರುವ ಕೂಲಿಯವನಿಗೆ ಹಡಗೇ ಮನೆ. ಈಚೆಗೆ ವೀಕ್ಷಕನ ಬದಲು ಕ್ಯಾಮರಾ ಇಡುವ ಪದ್ಧತಿ ಬಂದಿದೆ. ಅದು ಗಾಳ ಎಳೆಯುವ ಜಾಗವನ್ನು ನೋಡಲಿ. ಅವನು ಉಣ್ಣುವ, ಮಲಗುವ, ಪ್ರಾರ್ಥಿಸುವ ಮೂಲೆಯನ್ನು ನೋಡುವ ಅಧಿಕಾರ ಯಾರಿಗೂ ಇಲ್ಲ.

ಕ್ಯಾಮರಾದ ಬಗ್ಗೆ ಒಂದು ಸ್ವಾರಸ್ಯದ ಸಂಗತಿ. ಆಸ್ಟ್ರೇಲಿಯಾ 2015ರಲ್ಲಿ ತನ್ನ ಪೂರ್ವ ಕರಾವಳಿಯ ಟ್ಯೂನಾ ದೋಣಿಗಳಿಗೆ ಕ್ಯಾಮರಾ ಕಡ್ಡಾಯ ಮಾಡಿತು. ಆಮೇಲೆ ದೋಣಿಯವರೇ ತುಂಬುವ ಪುಸ್ತಕಗಳಲ್ಲಿ ಹಕ್ಕಿ, ಆಮೆಗಳ ಸಂಖ್ಯೆ ಎದ್ದುಕಾಣುವಂತೆ ಏರಿತು. ಅವು ಆ ವರ್ಷವೇ ಹೆಚ್ಚಾಗಿ ಬಂದು ಗಾಳಕ್ಕೆ ಬೀಳತೊಡಗಿದವೆಂದು ನಂಬುವುದು ಕಷ್ಟ. ಬರೆಯುವ ಕೈ ಬದಲಾಗಿತ್ತು. ಹೆದರಿ ಹೇಳಿದ ಸತ್ಯಕ್ಕೆ ಪರಲೋಕದಲ್ಲಿ ಪ್ರತಿಫಲವಿದೆಯೇ ಎಂದು ಕೇಳಿದರೆ, ಸಂಕಲ್ಪವನ್ನು ತೂಗುವವನು ನಾವಲ್ಲ. ಗಾಳದಿಂದ ಬಿಡಿಸಿಕೊಂಡು ಜೀವಂತವಾಗಿ ಹೋದ ಆಮೆಗೆ ಮಾತ್ರ ಬಿಡಿಸಿದವನ ಸಂಕಲ್ಪ ಏನಾಗಿದ್ದರೂ ಒಂದೇ.

ಮೀನು, ನಿಷೇಧ, ಮೋಸ ಮೂರೂ ಕೂಡಿದ ಊರೊಂದರ ವೃತ್ತಾಂತ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿದೆ. ಕಡಲ ತೀರದ ಆ ಜನರಿಗೆ ಸಬ್ಬತ್ ದಿನ ಮೀನು ಹಿಡಿಯಬಾರದೆಂಬ ಕಟ್ಟಳೆ. ಪರೀಕ್ಷೆ ಎಂಬಂತೆ ಮೀನುಗಳು ಮೇಲೆ ಬರುತ್ತಿದ್ದುದು ಆ ದಿನವೇ. ವ್ಯಾಖ್ಯಾನಕಾರರು ಹೇಳುವಂತೆ ಅವರು ಹಿಂದಿನ ದಿನವೇ ಬಲೆ ಹಾಕಿಟ್ಟು ಮರುದಿನ ಎತ್ತಿಕೊಂಡರು. ಕಾನೂನಿನ ಅಕ್ಷರ ಉಳಿಯಿತು, ಕಾನೂನು ಸತ್ತಿತು. ದಡಕ್ಕೆ ತಂದದ್ದು ಮಾತ್ರ ಹಿಡಿದ ಮೀನು, ಎಸೆದದ್ದು ಹಿಡಿದದ್ದೇ ಅಲ್ಲ ಎನ್ನುವ ಇಂದಿನ ಲೆಕ್ಕ ಅದಕ್ಕಿಂತ ಬಹಳ ಬೇರೆಯೇ? ಆ ಊರಲ್ಲಿ ಮೂರು ಗುಂಪುಗಳಿದ್ದವು: ಮೀರಿದವರು, ಬುದ್ಧಿ ಹೇಳಿದವರು, ಇಂಥವರಿಗೆ ಹೇಳಿ ಏನು ಪ್ರಯೋಜನ ಎಂದವರು. ತಡೆದವರು ಉಳಿದರು, ಮೀರಿದವರು ಶಿಕ್ಷೆಗೊಳಗಾದರು. ಮೂರನೆಯವರ ಗತಿ ಏನಾಯಿತೆಂಬುದರಲ್ಲಿ ವ್ಯಾಖ್ಯಾನಕಾರರಿಗೇ ಒಮ್ಮತವಿಲ್ಲ. ಬೆಳ್ಳೂರು ಕ್ರಾಸಿನಲ್ಲಿ ಲಾರಿ ಹಾದುಹೋಗುವುದನ್ನು ನೋಡುವ ನಾವು ಬಹುಶಃ ಆ ಮೂರನೆಯ ಗುಂಪಿನವರು.

ಇನ್ನು ಆ ವೀಕ್ಷಕನ ಪಾಡು. ಅವನು ಹಡಗಿನವರ ಅನ್ನ ತಿನ್ನಬೇಕು, ಅವರ ನಡುವೆಯೇ ಮಲಗಬೇಕು, ಅವರ ವಿರುದ್ಧ ಬರೆಯಬೇಕು. ಉಂಡ ಮನೆಯ ಗಳ ಎಣಿಸಬಾರದೆನ್ನುವ ಸಂಸ್ಕೃತಿ ನಮ್ಮದು; ಇವನನ್ನು ಕಳಿಸಿರುವುದೇ ಗಳ ಎಣಿಸಲು. ಹಲವು ಕಡೆ ಅವನ ಖರ್ಚನ್ನು ಭರಿಸುವುದೂ ಹಡಗಿನ ಕಂಪೆನಿಯೇ. ಸುತ್ತ ನೀರು, ದೂರು ಕೊಡಲು ಠಾಣೆಯಿಲ್ಲ. ಅಮೆರಿಕದ ಕೀತ್ ಡೇವಿಸ್ ಎಂಬ ಅನುಭವಿ ವೀಕ್ಷಕ 2015ರ ಸೆಪ್ಟೆಂಬರಿನಲ್ಲಿ ಪೆಸಿಫಿಕ್ ಸಾಗರದ ಹಡಗೊಂದರಿಂದ ಕಾಣೆಯಾದರು, ದೇಹ ಸಿಗಲೇ ಇಲ್ಲ. ಕಿರಿಬಾಟಿ ದ್ವೀಪದೇಶದ ಎರಿಟಾರಾ ಆಟಿ ಕೈಯೆರುವಾ 2020ರ ಮಾರ್ಚಿನಲ್ಲಿ ತೈವಾನಿನ ಟ್ಯೂನಾ ಹಡಗಿನಲ್ಲಿ ಸತ್ತು ಬಿದ್ದಿದ್ದರು. ಮೊದಲ ಶವಪರೀಕ್ಷೆ ತಲೆಗೆ ಬಿದ್ದ ಪೆಟ್ಟು ಎಂದಿತು, ನಂತರದ ಪರಿಶೀಲನೆ ರಕ್ತದೊತ್ತಡ ಎಂದಿತು. ಕುಟುಂಬ ಅದನ್ನು ಒಪ್ಪಲಿಲ್ಲ. ಸಾಲದ ಪತ್ರ ಬರೆಯುವ ವಿಧಿಯನ್ನು ತಿಳಿಸುವ ಕುರ್‌ಆನಿನ ಅತಿ ದೀರ್ಘ ಸೂಕ್ತವು, ಲಿಪಿಕಾರನಿಗೂ ಸಾಕ್ಷಿಗೂ ಹಾನಿ ಮಾಡುವುದನ್ನು ಬೇರೆಯಾಗಿಯೇ ಹೆಸರಿಸಿ ತಡೆಯುತ್ತದೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ ನಡುವೆ ಈ ಮಾತೇಕೆ ಎನಿಸಬಹುದು. ಬರೆದಿಡುವವನೇ ಮೊದಲ ಬಲಿಯಾಗುತ್ತಾನೆಂಬುದು ಲೋಕಾನುಭವ.

ನಮ್ಮ ಕರಾವಳಿಯಲ್ಲಿ ಮಲ್ಪೆ, ಮಂಗಳೂರಿನ ದೋಣಿಗಳು ಹೆಚ್ಚಾಗಿ ಟ್ರಾಲ್ ಮತ್ತು ಪರ್ಸೀನ್ ಬಲೆಯವು. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧ ದಡದಿಂದಲೇ ಕಾಣುವಂಥದ್ದು, ಆದ್ದರಿಂದ ಬಹುತೇಕ ಪಾಲನೆಯಾಗುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಬೆಳಕಿನ ಮೀನುಗಾರಿಕೆ ರಾತ್ರಿ ನಡುಗಡಲಿನ ಸಂಗತಿ, ಅದರ ಜಗಳ ಇನ್ನೂ ಮುಗಿದಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಧಕ್ಕೆಯಲ್ಲಿ ನಿಂತು ಲೆಕ್ಕ ಹಾಕುತ್ತಾರೆ, ಶ್ರದ್ಧೆಯಿಂದಲೇ. ಆದರೆ ಅವರಿಗೆ ಕಾಣುವುದು ಬಂದಿಳಿದದ್ದು. ಮೊದಲು ಕಡಲಿಗೆ ಎಸೆಯುತ್ತಿದ್ದ ಮರಿಮೀನು ಈಗ ಫಿಶ್‌ಮಿಲ್ಲಿಗೆ ಬರುತ್ತದೆ, ಅಷ್ಟರ ಮಟ್ಟಿಗೆ ಅದು ಕಣ್ಣಿಗೆ ಬಿತ್ತು ಎನ್ನಬಹುದು. 2024ರಲ್ಲಿ ಕೇಂದ್ರವು ಒಂದು ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆ ಶುರುಮಾಡಿತು. ದೋಣಿ ಎಲ್ಲಿದೆ ಎಂದು ಅದು ಹೇಳುತ್ತದೆ. ಬಲೆಯಲ್ಲಿ ಏನಿತ್ತು ಎಂಬುದು ಅದಕ್ಕೆ ಗೊತ್ತಿಲ್ಲ.

ಅತ್ತ ಮಿನಿಕಾಯ್ ದ್ವೀಪದ ನಮ್ಮ ಸಹೋದರರು ಕೋಲಿಗೆ ಗಾಳ ಕಟ್ಟಿ ಟ್ಯೂನಾವನ್ನು ಒಂದೊಂದಾಗಿ ಎತ್ತುತ್ತಾರೆ. ಬೇಡದ ಜೀವಿ ಬಂದರೆ ಆ ಕ್ಷಣವೇ ಕೈಯಲ್ಲಿರುತ್ತದೆ. ಅವರ ದೋಣಿಗೆ ವೀಕ್ಷಕನನ್ನು ಕಳಿಸುವುದು ಹಳ್ಳಿಯ ಡೇರಿಗೆ ಇನ್ನೊಂದು ಲ್ಯಾಕ್ಟೋಮೀಟರ್ ಕಳಿಸಿದಂತೆ. ವಾರಗಟ್ಟಲೆ ಹೊರಗುಳಿಯುವ ದೊಡ್ಡ ದೋಣಿಗಳಿಂದಲೇ ಇದು ಆರಂಭವಾಗಬೇಕು. ಮಲ್ಪೆ, ಉಳ್ಳಾಲ, ಭಟ್ಕಳದ ಮೀನುಗಾರ ಮನೆಗಳ ಓದಿದ ಹುಡುಗರನ್ನೇ ತರಬೇತಿ ಕೊಟ್ಟು ಹತ್ತಿಸಬೇಕು. ಬಲೆಯ ಕಷ್ಟ ಅವರಿಗೆ ಗೊತ್ತು, ಮೀನಿನ ಹೆಸರೂ ಗೊತ್ತು. ಸಂಬಳ ದೋಣಿ ಮಾಲಕರ ಕೈಯಿಂದ ಬರಬಾರದು. ಫಿಶ್‌ಮಿಲ್ಲಿನವರು ಮತ್ತು ರಫ್ತುದಾರರಿಂದ ಸಂಗ್ರಹಿಸಿ ಬೇರೊಂದು ನಿಧಿಯಿಂದ ಕೊಡಲಿ. ಆ ಹುಡುಗನ ಕೈಗೆ ತಾಂಡೇಲನನ್ನು ಕೇಳದೆ ದಡಕ್ಕೆ ಮಾತಾಡಬಲ್ಲ ಒಂದು ಉಪಗ್ರಹ ಫೋನು ಮೊದಲು ಸಿಗಬೇಕು, ಲೆಕ್ಕದ ಪುಸ್ತಕ ಆಮೇಲೆ.